ಶಿಕ್ಕಾ ನೆಟ್ಟಗ ಬೀಳಲಿ ಅಂದ್ರ ತಪ್ಪೇನ್ರಿ

ಒಮ್ಮೆ ಆಗಿದ್ದರೆ ಆ ದಿನ ನಾನು ಎದ್ದ ಮಗ್ಗುಲು ಸರಿಯಿರಲಿಲ್ಲ ಅಂದುಕೊಂಡು ಸುಮ್ಮನಾಗುತ್ತಿದ್ದೆ. ಆದರೆ ಕೈಯಲ್ಲಿ ಒಂದು ಕಾರ್ಡು ಹಿಡಿದು ಯಾವ ಊರಿಗೆ ಹೋದರೂ ನನಗೇ ಇಂಥದ್ದು ಆಗುತ್ತದೆ ಅಂದರೆ, ತಪ್ಪು ಯಾರದು ಅನ್ನುವುದನ್ನು ಓದಿದ ಮೇಲೆ ನೀವೇ ಹೇಳಿ.

ನಾನು ಗದಗಿನ ಒಂದು ಕಣ್ಣಿನ ದವಾಖಾನೆಯಲ್ಲಿ ಸಿಸ್ಟರ್. ನಮ್ಮ ದವಾಖಾನೆಯವರು ರೋಣ, ನರಗುಂದ, ಗಜೇಂದ್ರಗಡದ ಕಡೆ ಹಳ್ಳಿಗಳಲ್ಲಿ ಕಣ್ಣು ತಪಾಸಣೆಯ ಕ್ಯಾಂಪು ಮಾಡುತ್ತಾರೆ. ಬೆಳಿಗ್ಗೆ ನಮ್ಮ ಗಾಡಿ ಹೊರಡುತ್ತದೆ. ಒಳಗೆ ಡಾಕ್ಟರು, ನಾನು, ಔಷಧದ ಪೆಟ್ಟಿಗೆಗಳು. ಮುಂದೆ ನಮ್ಮ ಡ್ರೈವರ್ ಚಾಚಾ. ಮಧ್ಯಾಹ್ನ ಡಾಕ್ಟರು ಊಟಕ್ಕೆ ಕೂತಾಗ ನಾನು ಪರ್ಸಿನಿಂದ ಒಂದು ಪೋಸ್ಟ್ ಕಾರ್ಡು ತೆಗೆದುಕೊಂಡು ಆ ಊರಿನ ಪೋಸ್ಟಾಫೀಸು ಹುಡುಕಿಕೊಂಡು ಹೋಗುತ್ತೇನೆ. ಕಾರ್ಡಿನ ಮೇಲೆ ನನ್ನದೇ ವಿಳಾಸ ಬರೆದಿರುತ್ತೇನೆ. ಅದರ ಮೇಲೆ ಆ ಊರಿನ ಹೆಸರು, ಆ ದಿನದ ತಾರೀಖು ಇರುವ ದುಂಡನೆಯ ಅಂಚೆ ಮೊಹರು, ಅಂದರೆ ಶಿಕ್ಕಾ, ಸ್ವಚ್ಛವಾಗಿ ಬೀಳಬೇಕು, ಕಾರ್ಡು ಟಪಾಲಿನಲ್ಲಿ ನನಗೇ ಬಂದು ಮುಟ್ಟಬೇಕು. ಇಷ್ಟೇ ನನ್ನ ಆಸೆ. ನಾನು ಬಂಗಾರ ಕೇಳಿದವಳಲ್ಲ, ಪೈಠಣಿ ಸೀರೆ ಕೇಳಿದವಳಲ್ಲ.

ನಮ್ಮ ಡಾಕ್ಟರು ಹಳೇ ಕೈಗಡಿಯಾರ ಕೂಡಿಸಿ ಇಡುತ್ತಾರೆ. ಒಂದೂ ನಡೆಯುವುದಿಲ್ಲ. ಅವರನ್ನು ನೋಡಿ ಜನ, "ಸಾಹೇಬರದು ಎಂಥಾ ಅಭಿರುಚಿ" ಅನ್ನುತ್ತಾರೆ. ನಾನು ಶಿಕ್ಕಾ ಕೂಡಿಸುತ್ತೇನೆ ಅಂದರೆ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಪಾಪ ಅಂತ ನನ್ನ ಗಂಡನ ಮುಖ ನೋಡುತ್ತಾರೆ.

ಗೊತ್ತಿದ್ದದ್ದು ಯಾಕ ಬರೀತೀರಿ

ಇದು ಒಂದು ದೊಡ್ಡ ಊರಿನ ಪೋಸ್ಟಾಫೀಸು. ಯಾವ ಊರು ಅಂತ ಹೇಳುವುದಿಲ್ಲ, ನಾನು ಮತ್ತೆ ಅಲ್ಲಿಗೆ ಹೋಗುವುದಿದೆ. ಕೌಂಟರಿನ ಮುಂದೆ ಪಾಳಿ ಇತ್ತು. ಒಬ್ಬರು ಪಿಂಚಣಿಗೆ ಬಂದಿದ್ದರು, ಒಬ್ಬರು ಆಧಾರಿಗೆ. ನನ್ನ ಪಾಳಿ ಬಂತು. ಕಾರ್ಡು ಕೊಟ್ಟು, "ಸ್ವಲ್ಪ ನೆಟ್ಟಗ ಶಿಕ್ಕಾ ಹೊಡದು ಕೊಡ್ರಿ, ಅಕ್ಷರ ಕಾಣೂಹಂಗ" ಅಂದೆ.

ಒಳಗಿದ್ದ ಗುಮಾಸ್ತರು ಕಾರ್ಡನ್ನು ಆ ಕಡೆ ಈ ಕಡೆ ತಿರುವಿದರು. "ಇದನ್ನ ಈಗ ಯಾರ್ ಹಾಕ್ತಾರ್ರಿ? ಇದರ ಮ್ಯಾಲ ಇದ್ದವರಿಗೆ ಒಂದು ಫೋನ್ ಮಾಡಿಬಿಡ್ರಿ."

"ಇದರ ಮ್ಯಾಲ ಇದ್ದಾಕಿ ನಾನರಿ."

"ನೀವ?"

"ನಾನ."

"ಹಿಂದ ಏನೂ ಬರದೇ ಇಲ್ಲಲ್ಲರಿ."

"ಏನ್ ಬರೀಬೇಕ್ರಿ? ನನಗ ನಾನ."

ಅವರು ಕಾರ್ಡು ಕೆಳಗಿಟ್ಟು ಕುರ್ಚಿಗೆ ಒರಗಿದರು. ನನ್ನ ಹಿಂದಿನವರೂ ಕಿವಿ ಕೊಟ್ಟು ನಿಂತರು. "ಅಲ್ರಿ ಮೇಡಂ, ಬರ್ಯಾಕಿನೂ ನೀವ, ಓದಾಕಿನೂ ನೀವ. ಹೇಳೂದು ಏನೂ ಇಲ್ಲ. ಇದಕ್ಕ ನಡುವ ಸರಕಾರ ಯಾಕ ಬೇಕ್ರಿ?"

ನನಗೆ ಮೈಯೆಲ್ಲ ಉರಿಯಿತು. ಆ ಪ್ರಶ್ನೆಗೆ ಉತ್ತರ ಇವತ್ತಿನವರೆಗೂ ಹುಡುಕುತ್ತಲೇ ಇದ್ದೇನೆ. ಅವತ್ತು, "ಹೊಡೀತೀರೋ ಇಲ್ಲೋ" ಅಂತಷ್ಟೇ ಅಂದೆ. ಹೊಡೆದರು. ಹಿಂದೆ ನಿಂತಿದ್ದ ಪಿಂಚಣಿಯ ಅಜ್ಜ ನನ್ನ ಭುಜದ ಮೇಲಿಂದ ಬಗ್ಗಿ ನೋಡಿ ಸಮಾಧಾನ ಹೇಳಿದ, "ಇರಲಿ ಬಿಡವಾ, ನಮ್ಮ ಮನ್ಯಾಗೂ ಒಬ್ಬಾಕಿ ಒಬ್ಬಾಕೆನ ಮಾತಾಡತಾಳ."

ಅತ್ತೆ, ಸೊಸೆ ಮತ್ತು ನಾನು

ಜಕ್ಕಲಿಯ ಆಚೆ ಒಂದು ಸಣ್ಣ ಹಳ್ಳಿ. ಅಲ್ಲಿ ಪೋಸ್ಟಾಫೀಸು ಅಂದರೆ ಒಂದು ಮನೆಯ ಮುಂದಿನ ಕೋಣೆ. ಪೋಸ್ಟ್ ಮಾಸ್ತರ್ ಆ ಮನೆಯ ಸೊಸೆ. ವಯಸ್ಸು ಸಣ್ಣದು, ನಡವಳಿಕೆ ಭಾಳ ಚಲೋ. ಬಾಗಿಲಲ್ಲಿ ಅತ್ತೆ ಕೂತು ಮೊರದಲ್ಲಿ ಕಡಲೆ ಹಸನು ಮಾಡುತ್ತಿದ್ದರು.

ಸೊಸೆ ಕಾರ್ಡು ತಗೊಂಡು ಓದಿದಳು. ಮತ್ತೊಮ್ಮೆ ಓದಿದಳು. "ಕಳಿಸಿದವರ ಹೆಸರು ಇದ ಏನ್ರಿ?"

"ಹೌದ್ರಿ."

"ಮುಟ್ಟಬೇಕಾದವರದು?"

"ಅದೂ ನಂದ."

ಆಕೆ ಎದ್ದು ಬಾಗಿಲಿಗೆ ಹೋಗಿ ಅತ್ತೆಯ ಕಿವಿಯಲ್ಲಿ ಏನೋ ಹೇಳಿದಳು. ಪಿಸುಮಾತು ಅಂತ ಆಕೆ ತಿಳಿದಿದ್ದಳು. ಆ ಕಡೆ ಹೊಲಗಳಲ್ಲಿ ಕೂಗಿ ಮಾತಾಡಿ ರೂಢಿಯಾದವರ ಪಿಸುಮಾತು ಓಣಿಯ ತುದಿಗೆ ಕೇಳುತ್ತದೆ. "ಅತ್ತಿ, ಪಾಪ, ಈಕಿಗೆ ಬರಿಯಾವರು ಯಾರೂ ಇಲ್ಲಂತ ಕಾಣತೈತಿ. ತನಗ ತಾನ ಬರಕೊಳ್ಳಾಕತ್ತಾಳ."

ಅತ್ತೆ ಮೊರ ಕೆಳಗಿಟ್ಟು ಒಳಗೆ ಬಂದರು. ನನ್ನ ಕೈ ಹಿಡಿದರು. "ಯವ್ವಾ, ಮನ್ಯಾಗ ಮಾತಾಡಸತಾರಿಲ್ಲ?"

ನಾನು ನಕ್ಕು, "ಹಂಗೇನಿಲ್ರಿ ಅಮ್ಮಾರ, ಇದು ನನ್ನ ಹವ್ಯಾಸ" ಅಂದೆ.

"ಹಂಗಂದ್ರ?"

"ಚಟ ಅತ್ತಿ" ಅಂದಳು ಸೊಸೆ.

ಅತ್ತೆಯ ಮುಖ ಇನ್ನೂ ಸಣ್ಣದಾಯಿತು. "ಹೆಣ್ಣಮಗಳಿಗೆ ಚಟ ಹತ್ತೈತಿ ಅಂದ್ರ ಮನ್ಯಾಗ ಎಷ್ಟು ತ್ರಾಸ ಇರಬೇಕು ನೋಡು. ಕೈಕಾಲ ತೊಳಕೊಳವಾ, ಎರಡ ರೊಟ್ಟಿ ತಿನ್ನಂತಿ."

ನಾನು ಬೇಡ ಅಂದಷ್ಟೂ ನನ್ನ ದುಃಖ ದೊಡ್ಡದಾಗುತ್ತ ಹೋಯಿತು. ಕೊನೆಗೆ ಕೂತೆ. ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಸುಳ್ಳು ಯಾಕೆ ಹೇಳಲಿ, ಅಂಥ ಊಟ ಮಾಡಿ ಭಾಳ ದಿನ ಆಗಿತ್ತು. ನಾನು ಬಾಯಿ ಚಪ್ಪರಿಸಿ ಉಂಡದ್ದನ್ನು ನೋಡಿ, "ಊಟಾನೂ ಹಾಕೂದಿಲ್ಲ ಅನಸತೈತಿ" ಅಂದರು ಅತ್ತೆ. ಸೊಸೆ ಅಂಗೈಯಿಂದ ಕಣ್ಣು ಒರೆಸಿಕೊಂಡು ಅದೇ ಒದ್ದೆ ಕೈಯಲ್ಲಿ ನನ್ನ ಕಾರ್ಡಿಗೆ ಶಿಕ್ಕಾ ಹೊಡೆದಳು. ಕಾರ್ಡಿನ ಮೇಲೆ ಊರೂ ಕಾಣಲಿಲ್ಲ, ತಾರೀಖೂ ಕಾಣಲಿಲ್ಲ. ಇದ್ದಲಿ ಅಂಟಿದ ಹೆಬ್ಬೆರಳು ಒತ್ತಿದ ಹಾಗಿತ್ತು.

ಇಷ್ಟಕ್ಕೇ ಮುಗಿದಿದ್ದರೆ ನನಗೆ ಸಿಟ್ಟು ಬರುತ್ತಿರಲಿಲ್ಲ. ಮುಂದಿನ ವಾರ ನಮ್ಮ ವಿಳಾಸಕ್ಕೆ ಒಂದು ಕಾರ್ಡು ಬಂತು. ನಮ್ಮ ವಿಳಾಸ ಅಂದರೆ ನನ್ನ ಗಂಡನ ಬೀಜ ಗೊಬ್ಬರದ ಅಂಗಡಿ. ಗಿರಾಕಿಗಳು ತುಂಬಿದ್ದ ಹೊತ್ತು. ನಮ್ಮ ಪೋಸ್ಟಮನ್ ಕಾರ್ಡು ಕೊಡುವ ಮೊದಲು ಓದುತ್ತಾನೆ. ಕಾರ್ಡಿಗೆ ಲಕೋಟೆ ಇಲ್ಲದಿರುವುದು ತನಗಾಗಿಯೇ ಅಂತ ಅವನ ತಿಳುವಳಿಕೆ. ಅವತ್ತು ಅಂಗಡಿಯಲ್ಲಿ ಎಲ್ಲರಿಗೂ ಕೇಳುವಂತೆ ಓದಿದ.

"ತಂಗಿಗೆ ಆಶೀರ್ವಾದ. ಚಿಂತಿ ಮಾಡಬ್ಯಾಡ. ನಿನಗ ಯಾರೂ ಇಲ್ಲಂತ ತಿಳಿಬ್ಯಾಡ, ನಾವದೀವಿ. ಗಂಡ ಹೊಡಿತಾನೇನು? ಹೊಡದ್ರ ಒಂದು ಕಾರ್ಡ್ ಹಾಕು. ನಮ್ಮ ಓಣ್ಯಾನ ಹುಡುಗೂರನ್ನ ಕಳಸತೀವಿ."

ನನ್ನ ಗಂಡ ಬಿಳಿಜೋಳದ ಬೀಜ ತೂಗುತ್ತಿದ್ದವರು ತಕ್ಕಡಿ ಹಿಡಿದುಕೊಂಡೇ ನಿಂತರಂತೆ. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವರು ನನಗೆ ದನಿ ಏರಿಸಿ ಮಾತಾಡಿದವರಲ್ಲ, ಏರಿಸಲು ನಾನು ಬಿಟ್ಟವಳೂ ಅಲ್ಲ. ಸಂಜೆ ಮನೆಗೆ ಬಂದವರು ಒಂದೇ ಪ್ರಶ್ನೆ ಕೇಳಿದರು, "ಎಷ್ಟ ಮಂದಿ ಹುಡುಗೂರದಾರ ಆ ಓಣ್ಯಾಗ?"

ನನಗೆ ಹೊಟ್ಟೆ ಉರಿಯುವುದು ಯಾವುದಕ್ಕೆ ಗೊತ್ತೆ? ಆ ಕಾರ್ಡಿನ ಮೇಲೆ ಬಿದ್ದಿದೆ ಶಿಕ್ಕಾ. ಚಂದ್ರನ ಹಾಗೆ ದುಂಡಗೆ, ಊರಿನ ಹೆಸರು, ತಾರೀಖು, ಒಂದೊಂದು ಅಕ್ಷರವೂ ಮುತ್ತಿನ ಹಾಗೆ. ನಾನು ಕೂಡಿಸಿದ್ದರಲ್ಲೆಲ್ಲ ಅಷ್ಟು ಚಂದದ್ದು ಇನ್ನೊಂದಿಲ್ಲ. ಅದರ ಮಗ್ಗುಲಿಗೇ "ಗಂಡ ಹೊಡಿತಾನೇನು" ಅಂತ ಬರೆದಿದೆ. ಯಾರಿಗೆ ತೋರಿಸಲಿ?

ಹದಿನೇಳಕ್ಕ ಬರ್ರಿ

ಗಜೇಂದ್ರಗಡದ ಗುಡ್ಡದ ಕೆಳಗೆ ಒಂದು ಊರು. ಅಲ್ಲಿಯ ಪೋಸ್ಟ್ ಮಾಸ್ತರರು ಶಾಂತ ಸ್ವಭಾವದವರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಇಂಕಿನ ಪ್ಯಾಡು ತಟ್ಟಿ ನೋಡಿದರು. ಕಾರ್ಡಿನ ಕೆಳಗೆ ರಬ್ಬರಿನ ತುಂಡು ಇಟ್ಟರು. ಉಸಿರು ಹಿಡಿದು ಒಂದೇ ಪೆಟ್ಟಿಗೆ ಹೊಡೆದರು. ನೋಡಿದರೆ, ಅಬ್ಬಾ, ಎಂಥ ಶಿಕ್ಕಾ. ನಾನು ಕೈ ಮುಗಿಯುವವಳಿದ್ದೆ. ಅಷ್ಟರಲ್ಲಿ ತಾರೀಖು ಕಂಡಿತು.

"ಮಾಸ್ತರ, ಇದರಾಗ ಹದಿನೇಳು ಐತಿ."

"ಹೌದ್ರಿ."

"ಇವತ್ತ ಇಪ್ಪತ್ತೆರಡಲ್ರಿ?"

"ಇವತ್ತ ಇಪ್ಪತ್ತೆರಡರಿ" ಅಂತ ಒಪ್ಪಿಕೊಂಡರು. ಅವರಿಗೆ ಇದರಲ್ಲಿ ಏನೂ ತೊಂದರೆ ಕಾಣಲಿಲ್ಲ. ನಾನೇ ಮುಂದುವರಿಸಬೇಕಾಯಿತು.

"ಮತ್ತ ಬದಲಿ ಮಾಡೂದಿಲ್ಲೇನ್ರಿ?"

"ಅದು ಜಾಮ್ ಆಗೇತ್ರಿ. ಎಣ್ಣಿ ಹಾಕೀನಿ. ನೆನೀಲಿ ಅಂತ ಬಿಟ್ಟೀನಿ."

"ಯಾವಾಗ ಹಾಕಿದ್ರಿ ಎಣ್ಣಿ?"

ಅವರು ನೆನಪು ಮಾಡಿಕೊಂಡರು. "ನಮ್ಮ ತಂಗಿ ಹಡಿಯಾಕ ಬಂದಾಗರಿ." ಅಷ್ಟರಲ್ಲಿ ಒಂದು ಕೂಸು ಅಂಬೆಗಾಲಿಡುತ್ತ ಒಳಗಿನಿಂದ ಬಂದು ಮೇಜಿನ ಕಾಲು ಹಿಡಿದು ಎದ್ದು ನಿಂತಿತು.

ನನಗೆ ಸಿಟ್ಟು ತಡೆಯಲಿಲ್ಲ. "ಇಲ್ಲಿಂದ ಹೋದ ಟಪಾಲಿಗೆಲ್ಲಾ ಹದಿನೇಳ ತಾರೀಖ ಏನ್ರಿ? ಯಾರೂ ಕೇಳೂದಿಲ್ಲ?"

"ಬ್ಯಾರೇದವರು ಟಪಾಲ ಮುಟ್ಟಿದ್ರ ಸಾಕಂತಾರ್ರಿ. ತಾರೀಖ ನೋಡಾಕಿ ನೀವ ಒಬ್ಬಾಕೆ ಬಂದ್ರಿ." ನನ್ನ ಮುಖ ನೋಡಿ ಅವರಿಗೆ ಕನಿಕರ ಬಂತು. ಒಂದು ದಾರಿ ಹುಡುಕಿದರು. "ಹಂಗ ಮಾಡ್ರಿ ಅಕ್ಕಾರ. ನೀವು ಹದಿನೇಳಕ್ಕ ಬರ್ರಿ. ಬರೋಬ್ಬರಿ ಕೂಡತೈತಿ."

ನಾನು ಕಾರ್ಡು ಅವರ ಮುಂದೆ ಹಿಡಿದೆ. "ತಿಂಗಳ ನೋಡ್ರಿ. ಫೆಬ್ರುವರಿ ಐತಿ. ಈಗ ಶ್ರಾವಣ ನಡದೈತಿ."

"ಹಂಗಾದ್ರ ಫೆಬ್ರುವರಿ ಹದಿನೇಳಕ್ಕ ಬರ್ರಿ."

"ವರ್ಷ?"

ಮಾಸ್ತರರು ಶಿಕ್ಕಾ ತಿರುವಿ ಕಣ್ಣಿನ ಹತ್ತಿರ ಹಿಡಿದು ಓದಿದರು. ಮೆಲ್ಲಗೆ ಮೇಜಿನ ಮೇಲೆ ಇಟ್ಟರು. "ಹೋದ ವರ್ಷ ತಿರುಗಿ ಬರೂದಿಲ್ರಿ ಅಕ್ಕಾರ. ಅದಕ್ಕ ನೀವರ ಏನ ಮಾಡತೀರಿ, ನಾನರ ಏನ ಮಾಡಲಿ."

ಚೀಲದ ಹಿಂದಿನ ಡಬ್ಬಿ

ನರಗುಂದದಿಂದ ಬರುವ ದಾರಿಯಲ್ಲಿ ಒಂದು ಬಜಾರದ ಊರಿದೆ. ಅವತ್ತು ಅಲ್ಲಿಯ ಪೋಸ್ಟಾಫೀಸಿಗೆ ಬೀಗ ಇತ್ತು. ಯಾರೋ, "ಬಜಾರದಾಗ ಕೆಂಪ ಡಬ್ಬಿ ಐತಿ ನೋಡ್ರಿ" ಅಂದರು. ಹೋಗಿ ನೋಡಿದರೆ ಒಂದು ಕಾಳಿನ ದಲಾಲಿ ಅಂಗಡಿಯ ಮುಂದೆ ಕಡಲೆ ಚೀಲಗಳನ್ನು ಗೋಡೆಯ ಹಾಗೆ ಒಟ್ಟಿದ್ದರು. ಅದರ ಹಿಂದೆ ಟಪಾಲು ಡಬ್ಬಿಯ ತಲೆ ಮಾತ್ರ ಕಾಣುತ್ತಿತ್ತು.

ಇದು ನನಗೆ ಸರಿಬರಲಿಲ್ಲ. ಸಾರ್ವಜನಿಕರ ಡಬ್ಬಿಗೆ ಹೀಗೆ ಅಡ್ಡ ಒಟ್ಟುವುದೆಂದರೆ ಏನು? ನೆಟ್ಟಗೆ ಅಂಗಡಿಯ ಒಳಗೆ ಹೋದೆ. ಸಾಹುಕಾರರು ಗಾದಿಯ ಮೇಲೆ ಲೋಡಿಗೆ ಒರಗಿ ಚಹಾ ಕುಡಿಯುತ್ತಿದ್ದರು.

"ಸಾಹುಕಾರ್ರ, ಟಪಾಲ ಹಾಕೂದೈತಿ. ಡಬ್ಬಿ ಮುಂದ ಚೀಲ ಒಟ್ಟೀರಿ. ಮಂದಿ ಹ್ಯಾಂಗ ಹಾಕಬೇಕು?"

ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ಆದರೆ ಅವರು ಚಹಾ ಕೆಳಗಿಟ್ಟು ಎದ್ದು ನಿಂತರು. "ತಪ್ಪಾತ್ರಿ ಬಾಯಾರ. ಒಂದು ನಿಮಿಷ ತಡೀರಿ." ಹೊರಗೆ ಬಂದು ಹಮಾಲರನ್ನು ಕರೆದರು. "ಏ, ಅದನ್ನ ಬಿಡ್ರಿ. ಬಾಯಾರು ಟಪಾಲ ಹಾಕೂದೈತಿ, ಈ ಚೀಲ ಸರಸ್ರಿ."

ಲಾರಿ ಹೇರುತ್ತಿದ್ದವರು ಅದನ್ನು ಅರ್ಧಕ್ಕೆ ಬಿಟ್ಟು ಬಂದರು. ಚೀಲ ಇಳಿಸಿ ರಸ್ತೆಯ ಮೇಲೆ ಒಟ್ಟತೊಡಗಿದರು. ಹಿಂದೆ ಒಂದು ಟ್ರ್ಯಾಕ್ಟರು ನಿಂತಿತು. ಅದರ ಹಿಂದೆ ಒಂದು ಬಸ್ಸು. ಬಸ್ಸಿನ ಕಂಡಕ್ಟರು ಇಳಿದು ಬಂದು ಜಗಳ ತೆಗೆದ. ಸಾಹುಕಾರರು ಅವನಿಗೆ, "ತಡೀಪಾ, ಸರಕಾರದ ಕೆಲಸ ನಡದೈತಿ" ಅಂದರು. ಒಂದು ಚೀಲ ಒಡೆದು ಕಡಲೆ ಚೆಲ್ಲಿತು. ಎಲ್ಲಿದ್ದವೋ ಏನೋ, ಆಡುಗಳು ಬಂದವು. ಬಸ್ಸಿನಲ್ಲಿದ್ದವರು ಕಿಟಕಿಯಿಂದ ಇಣುಕಿ ಯಾರಿಗೆ ಏನಾಯಿತು ಅಂತ ಕೇಳಿದರು. ಹಮಾಲರಲ್ಲೊಬ್ಬ ಹೆಗಲ ಮೇಲಿನ ಸೆಲ್ಲೆಯಿಂದ ಡಬ್ಬಿಯ ಬಾಯಿ ಒರೆಸಿ, "ಬರ್ರಿ ಅಕ್ಕಾರ" ಅಂತ ಹಾದಿ ಬಿಟ್ಟ.

ಬಜಾರದ ಮಂದಿಯೆಲ್ಲ ನೋಡುತ್ತಿರುವಾಗ ನಾನು ಒಂದೇ ಒಂದು ಕಾರ್ಡು ಹಾಕಿದೆ. ಕಣ್ಣು ತುಂಬಿ ಬಂದಿತ್ತು. ಇಂಥ ಜನ ಇನ್ನೂ ಇದ್ದಾರಲ್ಲ ಅನ್ನಿಸಿತು. ಚೀಲಗಳನ್ನು ಮತ್ತೆ ಮೊದಲಿನ ಹಾಗೆ ಒಟ್ಟಿದರು. ಬಸ್ಸು ಹೋಯಿತು. ಸಾಹುಕಾರರಿಗೆ ನಮಸ್ಕಾರ ಮಾಡಿ, "ಡಬ್ಬಿ ತಗಿಯಾಕ ಎಷ್ಟೊತ್ತಿಗೆ ಬರತಾರ್ರಿ?" ಅಂತ ಕೇಳಿದೆ.

"ಇದನ್ನೇನ್ರಿ? ಇದನ್ನ ತಗಿಯೂದು ಬಿಟ್ಟು ಭಾಳ ವರ್ಷ ಆತ್ರಿ. ಕೀಲಿ ಕಳದೈತಂತ."

"ಮತ್ತ... ಮೊದಲ ಯಾಕ ಹೇಳಲಿಲ್ಲರಿ?"

ಸಾಹುಕಾರರಿಗೆ ಬೇಜಾರಾಯಿತು. ಇಷ್ಟು ಉಪಕಾರ ಮಾಡಿದ ಮೇಲೂ ಈ ಹೆಣ್ಣುಮಗಳು ತಕರಾರು ತೆಗೆಯುತ್ತಾಳಲ್ಲ ಅಂತ. "ನೀವು ಹಾಕೂದೈತಿ ಅಂದ್ರಿ, ಹಾಕಿಸಿದ್ವಿ. ತಗಿಯೂದೈತಿ ಅಂದಿದ್ರ ಹೇಳತಿದ್ವಿ."

ಬಂಡಿಯ ಮೇಲಿನ ಆಫೀಸು

ಮಲಪ್ರಭೆಯ ದಂಡೆಯ ಊರುಗಳ ಕಥೆ ಬೇರೆ. ಹೊಳೆ ಏರಿದಾಗ ಊರೊಳಗೆ ನೀರು ಬರುತ್ತದೆ ಅಂತ ಕೆಲವು ಊರಿಗೆ ದಿಬ್ಬದ ಮೇಲೆ ಹೊಸ ಮನೆ ಕಟ್ಟಿಕೊಟ್ಟಿದ್ದಾರೆ. ಹಾಗಾಗಿ ಹೆಸರು ಒಂದೇ, ಊರು ಎರಡು. ಅಂಥ ಒಂದು ಊರಿಗೆ ಹೋದೆವು. ಮೇಲಿನ ಊರಿನಲ್ಲಿ ಕೇಳಿದರೆ, "ಪೋಸ್ಟ್ ಕೆಳಗಿನ ಊರಾಗ ಐತ್ರಿ" ಅಂದರು. ಕೆಳಗೆ ಇಳಿದರೆ, "ಮ್ಯಾಲ ಐತ್ರಿ, ನೀವು ಅಲ್ಲಿಂದ ಬಂದ್ರೆಲ್ಲಾ" ಅಂದರು. ಚಾಚಾ ಗಾಡಿ ತಿರುಗಿಸಿದರು. ಮೇಲೆ ಮತ್ತೆ ಕೆಳಗೆ ಅಂದರು. ನಾನು ಗಾಡಿಯಿಂದ ಇಳಿದು ಕಟ್ಟೆಯ ಮೇಲೆ ಕೂತಿದ್ದವರ ಮೇಲೆ ಹರಿಹಾಯ್ದೆ. "ಒಂದು ಊರಿನ ಮಂದಿಗೆ ತಮ್ಮ ಪೋಸ್ಟ್ ಎಲ್ಲೈತಿ ಅಂತ ಗೊತ್ತಿಲ್ಲಂದ್ರ ಹ್ಯಾಂಗ್ರಿ?"

ಒಬ್ಬ ಹಿರಿಯರು ಎಲೆ ಅಡಿಕೆ ಉಗುಳಿ ಬಂದು ಬಿಡಿಸಿ ಹೇಳಿದರು. "ಹಂಗಲ್ರಿ ತಂಗೆವ್ವ. ಮಾಸ್ತರರ ಮನಿ ಎರಡೂ ಕಡೆ ಐತಿ. ಹೊಳಿ ಇಳದಾಗ ಪೋಸ್ಟ್ ಕೆಳಗಿರತೈತಿ, ಏರಿದಾಗ ಮ್ಯಾಲಿರತೈತಿ. ಮುಂಜಾನಿ ಡ್ಯಾಮಿನಿಂದ ನೀರ ಬಿಡತಾರಂತ ಸುದ್ದಿ ಬಂತು. ಈಗ ಎಲ್ಲೈತಿ ಅಂತ ಖಾತ್ರಿ ಹೇಳಾಕ ಬರೂದಿಲ್ಲ."

ಸಿಕ್ಕರು ಮಾಸ್ತರರು, ಎರಡೂ ಊರಿನ ನಡುವೆ. ಎತ್ತಿನ ಚಕ್ಕಡಿಯಲ್ಲಿ ಹೊರಸು, ಹಾಸಿಗೆ, ಹಿಟ್ಟಿನ ಡಬ್ಬಿ, ಮೇಲೆ ತಲೆಕೆಳಗಾದ ಒಂದು ಮೇಜು. ಹಿಂದೆ ಎಮ್ಮೆ. ಮಾಸ್ತರರ ತೊಡೆಯ ಮೇಲೆ ಪೋಸ್ಟಿನ ಪೆಟ್ಟಿಗೆ. ಮನೆ ಹೊತ್ತು ಹೊರಟ ಮನುಷ್ಯನಿಗೆ ಏನು ಕೇಳುವುದು? ನನ್ನ ಸಿಟ್ಟೆಲ್ಲ ಇಳಿದು ಹೋಯಿತು. ಆದರೂ ಅವರೇ, "ಏನ್ ಬೇಕಾಗಿತ್ರಿ?" ಅಂದರು. ಅಂಜುತ್ತಲೇ ಹೇಳಿದೆ.

"ಕೊಡ್ರಿ. ಆಫೀಸ್ ಟೈಮ್ ಐತಿ ಇನ್ನೂ" ಅಂದರು. ಪೆಟ್ಟಿಗೆ ತೆಗೆದು ಶಿಕ್ಕಾ ಹೊರಗಿಟ್ಟರು. ಮೇಜಿನ ಅಂಚಿಗೆ ಕಾರ್ಡು ಒತ್ತಿ ಹಿಡಿದು ಹೊಡೆಯುವ ಹೊತ್ತಿಗೆ ಎತ್ತುಗಳು ದಿಬ್ಬ ಕಂಡು ಜಗ್ಗಿದವು. ದುಂಡಗಿರಬೇಕಾದ ಶಿಕ್ಕಾ ಎಳೆಸವತೆಯ ಹಾಗೆ ಉದ್ದಕ್ಕೆ ಎಳೆದುಕೊಂಡು ಹೋಯಿತು.

"ಈ ಗದ್ದಲದಾಗ ಕಳದೀತು, ಗದಗಿನಾಗ ನೀವ ಡಬ್ಬಿಗೆ ಹಾಕ್ರಿ" ಅಂತ ಮಾಸ್ತರರು ಕೈಗೇ ಕೊಟ್ಟ ಕಾರ್ಡನ್ನು ಗಾಡಿಗೆ ಬಂದು ಕೂತು ನೋಡುತ್ತ ನಿಟ್ಟುಸಿರು ಬಿಟ್ಟೆ. ಚಾಚಾ ಇಣುಕಿ ನೋಡಿದರು. "ಬೇಜಾರ ಯಾಕ ಸಿಸ್ಟರ್? ಕೆಳಗಿನ ಊರಾಗ ಚಾಲೂ ಆಗಿ ಮ್ಯಾಲಿನ ಊರಾಗ ಮುಗದೈತಿ. ಎರಡೂ ಊರು ಬಂದಾವ."

ಕಣ್ಣು ಬಂದ ಮೇಲೆ

ರೋಣದ ಕಡೆಯ ಒಂದು ಹಳ್ಳಿಯ ಪೋಸ್ಟ್ ಮಾಸ್ತರರು ನನ್ನನ್ನು ಸತಾಯಿಸಿದಷ್ಟು ಯಾರೂ ಸತಾಯಿಸಿಲ್ಲ. ಹಿರಿಯರು, ನಿವೃತ್ತಿಗೆ ಬಂದವರು, ಸಭ್ಯರು. ಹೋದಾಗಲೆಲ್ಲ, "ಬರ್ರಿ ಸಿಸ್ಟರ್, ಕುಂದರ್ರಿ" ಅನ್ನುತ್ತಿದ್ದರು. "ಈ ಸಲ ಚಂದಂಗಿ ಹೊಡೀರಿ ಮಾಸ್ತರ" ಅಂದರೆ, "ನೋಡ್ರಿ ಹ್ಯಾಂಗ ಹೊಡಿತೀನಿ" ಅಂತ ಕೈ ಎತ್ತುತ್ತಿದ್ದರು. ಶಿಕ್ಕಾ ಒಮ್ಮೆ ಕಾರ್ಡಿನ ಅಂಚಿಗೆ ಬಿದ್ದು ಅರ್ಧ ಮೇಜಿನ ಮೇಲೆ ಉಳಿಯಿತು. ಒಮ್ಮೆ ನನ್ನ ವಿಳಾಸದ ಮೇಲೆ ಬಿತ್ತು. ಒಮ್ಮೆ ಒಂದರ ಮೇಲೊಂದು ಬಿದ್ದು ಸೀದ ರೊಟ್ಟಿಯ ಹಾಗಾಯಿತು. ಒಮ್ಮೆ ಕಾರ್ಡಿನ ಮೇಲೆ ಬೀಳಲೇ ಇಲ್ಲ. ಪ್ರತಿ ಸಲವೂ ಅವರು, "ಹ್ಯಾಂಗ ಬಿದ್ದೈತಿ" ಅಂತ ಹೆಮ್ಮೆಯಿಂದ ಕೇಳುತ್ತಿದ್ದರು. ಆ ಊರಿನ ಹೆಸರಿನ ಒಂದು ಅಕ್ಷರವನ್ನೂ ನಾನು ಕಾರ್ಡಿನ ಮೇಲೆ ಕಂಡವಳಲ್ಲ. ಇವರು ಬೇಕಂತಲೇ ಮಾಡುತ್ತಾರೆ ಅಂತ ನಾನು ಮನೆಯಲ್ಲಿ ಎಷ್ಟೋ ದಿನ ಬೈದುಕೊಂಡಿದ್ದೇನೆ.

ಒಮ್ಮೆ ಅದೇ ಊರಿನಲ್ಲಿ ನಮ್ಮ ಕ್ಯಾಂಪು ಆಯಿತು. ಪಾಳಿಯಲ್ಲಿ ಮಾಸ್ತರರು ಬಂದು ನಿಂತರು. ಅವರ ಹೆಂಡತಿ ಜುಲುಮೆ ಮಾಡಿ ಕರೆತಂದಿದ್ದರು. ನಾನು ಕುರ್ಚಿಯಲ್ಲಿ ಕೂರಿಸಿ, ಒಂದು ಕಣ್ಣು ಮುಚ್ಚಿಸಿ, ಎದುರಿನ ಗೋಡೆಯ ಮೇಲಿನ ಅಕ್ಷರಗಳನ್ನು ತೋರಿಸಿದೆ. "ಎಲ್ಲಾಕ್ಕಿಂತ ಮ್ಯಾಲಿನ ದೊಡ್ಡ ಅಕ್ಷರ ಯಾವದು ಹೇಳ್ರಿ ಮಾಸ್ತರ."

ಅವರು ಭಾಳ ಹೊತ್ತು ನೋಡಿದರು. "ಗ್ವಾಡಿ ಯಾವ ಕಡೆ ಐತ್ರಿ?"

ಎರಡೂ ಕಣ್ಣಿನಲ್ಲಿ ಪೊರೆ ಹಣ್ಣಾಗಿ ಕೂತಿತ್ತು. "ಹಿಂಗಿದ್ದು ಶಿಕ್ಕಾ ಹ್ಯಾಂಗ ಹೊಡಿತಿದ್ರಿ?" ಅಂದೆ.

"ಕೈ ರೂಢಿ ಐತ್ರಿ."

"ಟಪಾಲ ಹ್ಯಾಂಗ ಹಂಚತಿದ್ರಿ?"

"ಹೆಂಡತಿ ಓದತಾಳ. ನಾನು ಹೊಡಿತೀನಿ."

ಆಪರೇಶನ್ನಿಗೆ ಅವರು ಒಪ್ಪಲಿಲ್ಲ. ನಾನು ಬಿಡಲಿಲ್ಲ. ಅವರ ಹೆಂಡತಿಗಿಂತ ಹೆಚ್ಚು ನಾನೇ ಬೆನ್ನು ಹತ್ತಿದೆ. ಡಾಕ್ಟರು, "ನಿಮ್ಮ ಸಂಬಂಧಿಕರೇನ್ರಿ?" ಅಂತ ಕೇಳಿದರು. ಗದಗಿಗೆ ಕರೆಸಿ ಮೊದಲು ಬಲಗಣ್ಣಿಗೆ ಆಪರೇಶನ್ ಆಯಿತು. ಮರುದಿನ ಪಟ್ಟಿ ಬಿಚ್ಚಿದವಳೂ ನಾನೇ. ಮಾಸ್ತರರು ಕಣ್ಣು ಪಿಳುಕಿಸಿ, ಕಿಟಕಿ ನೋಡಿದರು, ಹೆಂಡತಿಯನ್ನು ನೋಡಿದರು, ನನ್ನನ್ನು ನೋಡಿದರು. ಕೈ ಮುಗಿದು, "ಭಾಳ ಉಪಕಾರ ಆತ್ರಿ. ದನಿ ಕೇಳಿ ನಿಮ್ಮನ್ನ ಸಣ್ಣ ವಯಸ್ಸಿನಾಕಿ ಅಂತ ತಿಳಿದಿದ್ದೆ" ಅಂದರು.

ಅದನ್ನೂ ನುಂಗಿಕೊಂಡೆ. ನನಗೆ ಬೇಕಾಗಿದ್ದದ್ದು ಶಿಕ್ಕಾ.

ಅವರು ಹೊಸ ಚಸ್ಮಾ ಹಾಕಿಕೊಂಡು ಕೆಲಸಕ್ಕೆ ಹಾಜರಾದ ಸುದ್ದಿ ಬಂದ ಮೇಲೆ ಒಂದು ಒಳ್ಳೆಯ ಕಾರ್ಡು ಆರಿಸಿ, ಮುದುಡಬಾರದು ಅಂತ ಪುಸ್ತಕದಲ್ಲಿ ಇಟ್ಟುಕೊಂಡು ಹೋದೆ. ಮಾಸ್ತರರು ಖುಷಿಯಿಂದ ಚಹಾ ತರಿಸಿದರು. ಕಾರ್ಡನ್ನು ಬೆಳಕಿಗೆ ಹಿಡಿದು ವಿಳಾಸ ತಾವೇ ಓದಿದರು. ಇಂಕು ಸರಿಮಾಡಿದರು. ಶಿಕ್ಕಾ ಕೈಗೆತ್ತಿಕೊಂಡು, ಹೊಡೆಯುವ ಮೊದಲು ಒಮ್ಮೆ ತಿರುವಿ ನೋಡಿದರು. ಹಾಗೇ ನೋಡುತ್ತ ಕೂತರು.

"ಏನಾತ್ರಿ ಮಾಸ್ತರ?"

"ಇದು ನಮ್ಮೂರ ಶಿಕ್ಕಾ ಅಲ್ರಿ."

ಬಾಜೂ ಊರಿನದು. ಎಂದೋ ಒಮ್ಮೆ ಎರಡೂ ಊರಿನ ಶಿಕ್ಕಾ ಒಂದೇ ಚೀಲದಲ್ಲಿ ರಿಪೇರಿಗೆ ಹೋಗಿದ್ದವಂತೆ. ವಾಪಸ್ಸು ಬರುವಾಗ ಅದಲು ಬದಲು ಆಗಿವೆ. ಅಂದಿನಿಂದ ಈ ಊರಿನ ಟಪಾಲೆಲ್ಲ ಆ ಊರಿನ ಹೆಸರಿನಲ್ಲಿ ಹೋಗಿದೆ.

"ಇರಲಿ, ಇದೊಂದು ಹೊಡೀರಿ" ಅಂದೆ.

"ಸುಳ್ಳು ಶಿಕ್ಕಾ ನನ್ನ ಕೈಲೆ ಆಗೂದಿಲ್ರಿ."

"ಇಷ್ಟ ದಿನ ಹೊಡದ್ರೆಲ್ಲಾ?"

"ಇಷ್ಟ ದಿನ ಕಂಡಿರಲಿಲ್ಲ. ಕಾಣೂಹಂಗ ಮಾಡಿದಾಕಿ ನೀವು." ಶಿಕ್ಕಾವನ್ನು ಪೆಟ್ಟಿಗೆಯಲ್ಲಿ ಇಟ್ಟು ಬೀಗ ಹಾಕಿದರು. ನನ್ನ ಕಾರ್ಡು ನನ್ನ ಕೈಗೆ ಬಂತು. ಇಷ್ಟು ದಿನ ಕೆಟ್ಟದ್ದಾದರೂ ಒಂದು ಸಿಗುತ್ತಿತ್ತು, ಕಣ್ಣು ಕೊಡಿಸಿ ಅದನ್ನೂ ಕಳೆದುಕೊಂಡೆ.

ಕುದಿಯುತ್ತಲೇ ಗಾಡಿ ಹತ್ತಿ, "ಚಾಚಾ, ಬಾಜೂ ಊರಿಗೆ ನಡೀರಿ" ಅಂದೆ. ಅಲ್ಲಿಯ ಪೋಸ್ಟ್ ಮಾಸ್ತರ್ ವಯಸ್ಸಿನ ಹುಡುಗ, ಕಣ್ಣು ಹದ್ದಿನ ಹಾಗೆ. ನೆಟ್ಟಗೆ ಕೇಳಿದೆ, "ನಿಮ್ಮ ಹಂತ್ಯಾಕ ಇರೂದು ಯಾವ ಊರ ಶಿಕ್ಕಾ ನೋಡೀರೇನ್ರಿ?"

"ನೋಡೀನ್ರಿ. ಅವರೂರದು."

"ಯಾವಾಗಿಂದ ಗೊತ್ತೈತಿ?"

"ಬಂದ ದಿನದಿಂದ ಗೊತ್ತೈತ್ರಿ."

ಇನ್ನು ನನ್ನ ಸಿಟ್ಟಿಗೆ ಲಗಾಮಿರಲಿಲ್ಲ. "ಅವರಿಗೆ ಕಣ್ಣ ಕಾಣತಿರಲಿಲ್ಲ, ನೀವು ಕಣ್ಣಿದ್ದವರು. ಒಯ್ದು ಬದಲಿ ಮಾಡಿಕೊಂಡು ಬರಾಕ ಏನಾಗಿತ್ತು?"

"ಅವತ್ತ ಒಯ್ದಿದ್ದೆರಿ. ಅವರ ಮುಂದ ಎರಡೂ ಶಿಕ್ಕಾ ಇಟ್ಟೆ. ಎತ್ತಿ ಎತ್ತಿ ನೋಡಿದ್ರು. ‘ಎಲ್ಲಾ ಬರೋಬ್ಬರಿ ಐತಿ, ಹೋಗು’ ಅಂದ್ರು. ಹಿರ್ಯಾರು ಕಣ್ಣಾರೆ ನೋಡಿ ಹೇಳಿದ ಮ್ಯಾಲ ನಾನು ಹ್ಯಾಂಗ ಅಲ್ಲ ಅನ್ನಲಿ?"

ನಾನು ಕುರ್ಚಿಯ ಮೇಲೆ ಕೂತೆ. ಅವನು ನೀರು ಕೊಟ್ಟ. ಮೆಲ್ಲಗೆ ಕೇಳಿದ, "ಸಿಸ್ಟರ್, ಅವರಿಗೆ ಈಗ ಖರೇನ ಕಾಣಾಕತ್ತೈತೇನ್ರಿ?"

"ಒಂದು ಕಣ್ಣು ಚಲೋ ಕಾಣತೈತಿ. ಇನ್ನೊಂದರ ಆಪರೇಶನ್ ಮುಂದಿನ ತಿಂಗಳ ಐತಿ."

ಹುಡುಗ ಬಾಗಿಲಿನ ಕಡೆ ಒಮ್ಮೆ ನೋಡಿ ನನ್ನ ಹತ್ತಿರ ಸರಿದ. "ಅದನ್ನ ಸ್ವಲ್ಪ ಮುಂದ ಹಾಕಾಕ ಬರತೈತೇನು ಡಾಕ್ಟರಿಗೆ ಕೇಳ್ರಿ. ಒಂದ ಕಣ್ಣಿಗೆ ಇಷ್ಟ ಕಂಡೈತಿ ಅಂದ್ರ, ಎರಡೂ ಬಂದ್ರ ಈ ಸುತ್ತಿನಾಗ ನಾವ್ಯಾರೂ ನೌಕರಿ ಮಾಡೂಹಂಗಿಲ್ರಿ."